ಐಸ್ ಸಾಹೇಬರ ಸೊನ್ನೆ

ಮನುಷ್ಯ ಎಲ್ಲಿ ಹುಟ್ಟಬೇಕು, ಎಲ್ಲಿ ದುಡಿಯಬೇಕು, ಭೂಮಿಯ ಯಾವ ಮೂಲೆಯ ಚಿಂತೆಯಲ್ಲಿ ತಲೆ ನರೆಸಿಕೊಳ್ಳಬೇಕು ಎಂಬುದು ಅವನ ಕೈಯಲ್ಲಿಲ್ಲ. ಅದನ್ನೆಲ್ಲ ಮೇಲೆ ಕೂತವರು ಮೊದಲೇ ತೀರ್ಮಾನಿಸಿರುತ್ತಾರೆ. ನಾನು ಬರೆಯಹೊರಟವರ ವಿಷಯದಲ್ಲಿ ಹಾಗೆ ಮೇಲೆ ಕೂತವರು ಅವರ ಕಚೇರಿಯ ಎರಡನೇ ಮಹಡಿಯ ಮ್ಯಾನೇಜರು. ಅವರು ಒಂದು ದಿನ ಕೆಳಗಿಳಿದು ಬಂದು, ಉತ್ತರ ಧ್ರುವದ ಕಡೆಯಿಂದ ಒಂದು ಆರ್ಡರ್ ಬಂದಿದೆ, ನೋಡಿಕೊಳ್ಳಿ ಎಂದು ಹೇಳಿ ಊಟಕ್ಕೆ ಹೋದರು. ಅಂದಿನಿಂದ ಗದಗ ಜಿಲ್ಲೆಯ ಒಬ್ಬ ಗೃಹಸ್ಥರು, ಮಸ್ಕತ್ತಿನ ಹಮ್ರಿಯಾದಲ್ಲಿ ಕೂತು, ತಾವು ಕಣ್ಣಿಂದ ಕಾಣದ ಒಂದು ಹಿಮನೆಲದ ಯೋಗಕ್ಷೇಮಕ್ಕೆ ಹೊಣೆಯಾದರು.

ಅವರ ಬಗ್ಗೆ ಇಲ್ಲಿನ ನಮ್ಮ ಕನ್ನಡ ಸಂಘದ ಸಂಚಿಕೆಗೆ ನಾಲ್ಕು ಮಾತು ಬರೆಯಿರಿ ಎಂದವರು, ಅವರ ಒಪ್ಪಿಗೆ ಕೇಳುವ ಕೆಲಸವನ್ನೂ ನನಗೇ ಬಿಟ್ಟರು. ಕೆಲಸ ಮುಗಿಸಿ ಊರಿಗೆ ಮರಳಿದ್ದ ಅವರಿಗೆ ಫೋನ್ ಮಾಡಿದೆ.

"ಬರೀರಿ ಶೆಟ್ರ, ಬ್ಯಾಡ ಅನ್ನಂಗಿಲ್ಲ. ಆದ್ರ ಹೆಸರು ಹಾಕಬ್ಯಾಡ್ರಿ. ಹೆಸರು ಹಾಕಿದ್ರ ಫೋಟೋನೂ ಹಾಕ್ತೀರಿ. ಫೋಟೋ ಹಾಕಿದ್ರ ಜನ ನಾ ಸತ್ತೇನಿ ಅಂತ ತಿಳೀತಾರ."

ನಮ್ಮ ಹಿಂದಿನ ಸಂಚಿಕೆಗಳನ್ನು ನೋಡಿದವರು ಈ ಭಯ ಆಧಾರವಿಲ್ಲದ್ದೆಂದು ಹೇಳಲಾರರು. ಆದ್ದರಿಂದ ನಮ್ಮ ಕಟ್ಟಡದವರೆಲ್ಲ ಕರೆಯುತ್ತಿದ್ದಂತೆ ನಾನೂ ಅವರನ್ನು ಐಸ್ ಸಾಹೇಬರು ಎಂದೇ ಕರೆಯುತ್ತೇನೆ. ಅವರು ಮೂರನೇ ಮಹಡಿಯಲ್ಲಿದ್ದರು, ನಾವು ಎರಡನೆಯದರಲ್ಲಿ. ಅವರ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳಿದರೆ ನನ್ನ ಹೆಂಡತಿ ಒಂದು ಪಾತ್ರೆಯಲ್ಲಿ ಗಸಿ ಹಾಕಿಕೊಂಡು ಮೇಲೆ ಹೋಗುತ್ತಿದ್ದಳು. ಹದಿನಾರು ವರ್ಷ ಈ ವ್ಯವಹಾರ ನಡೆಯಿತು.

ಸಾಹೇಬರಿಗೆ ಘಾಲಾ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಲ್ಯಾಬಿನಲ್ಲಿ ಕೆಲಸ. ಥರ್ಮಾಮೀಟರುಗಳಿಗೆ ಬುದ್ಧಿ ಹೇಳುವುದು ಆ ಕೆಲಸ ಎಂದು ನಾನು ಅರ್ಥ ಮಾಡಿಕೊಂಡಿದ್ದೆ. ಕಾರ್ಖಾನೆಯಿಂದ ಬಂದ ಥರ್ಮಾಮೀಟರಿಗೆ ಸೊನ್ನೆ ಎಂದರೆ ಯಾವುದು ಎಂದು ಸರಿಯಾಗಿ ಗೊತ್ತಿರುವುದಿಲ್ಲವಂತೆ. ಅದಕ್ಕಾಗಿ ಕೊಡದಷ್ಟು ದೊಡ್ಡ ಒಂದು ಥರ್ಮಾಸ್ ಫ್ಲಾಸ್ಕಿನಲ್ಲಿ ಪುಡಿಮಾಡಿದ ಮಂಜುಗಡ್ಡೆ ಮತ್ತು ನೀರನ್ನು ತುಂಬಿ, ಅದರೊಳಗೆ ಇಳಿಬಿಟ್ಟು, ಇದೇ ಸೊನ್ನೆ, ಮರೆಯಬೇಡ ಎಂದು ಕಲಿಸಬೇಕು.

"ಥರ್ಮಾಮೀಟರ್ ಅಂದ್ರ ಸಾಲಿ ಹುಡುಗ ಇದ್ದಂಗ ಶೆಟ್ರ. ಕಲಿಸಿದಷ್ಟ ಹೇಳತೈತಿ. ಬರ್ಫ ಹಂಗಲ್ಲ. ಬರ್ಫಕ್ಕ ಯಾರೂ ಏನೂ ಕಲಿಸಬೇಕಾಗಿಲ್ಲ. ಬರ್ಫ ಸುಳ್ಳು ಹೇಳೂದಿಲ್ಲ."

ಈ ಕೊನೆಯ ಮಾತನ್ನು ಅವರು ಬಹಳ ಸಲ ಹೇಳುತ್ತಿದ್ದರು. ಹೇಳುವಾಗ ಬಲಗೈಯ ಹೆಬ್ಬೆರಳು, ತೋರುಬೆರಳುಗಳನ್ನು ಒಂದು ಕೂದಲೆಳೆಯಷ್ಟು ಅಂತರದಲ್ಲಿ ಹಿಡಿಯುತ್ತಿದ್ದರು. ಅವರ ಜಗತ್ತಿನ ದೊಡ್ಡ ಸಂಗತಿಗಳೆಲ್ಲ ಆ ಅಂತರದೊಳಗೇ ನಡೆಯುತ್ತಿದ್ದವು.

ಲ್ಯಾಬಿಗೆ ಕೆಲಸ ತರುತ್ತಿದ್ದವರು ಮೀನು, ಕೋಳಿ ಇಡುವ ಕೋಲ್ಡ್ ಸ್ಟೋರೇಜಿನವರು, ತೈಲ ಕಂಪನಿಯವರು. ಇವರ ನಡುವೆ ಆ ಉತ್ತರದ ಆರ್ಡರು ಹೇಗೆ ಬಂತೆಂದರೆ, ಇಲ್ಲಿನ ತೈಲಬಾವಿಯಲ್ಲಿ ಕೆಲಸ ಮಾಡಿ ಹೋದ ಎಂಜಿನಿಯರೊಬ್ಬ ತನ್ನ ದೇಶದ ವಿಜ್ಞಾನಿಗಳಿಗೆ, ಮಸ್ಕತ್ತಿನಲ್ಲಿ ಈ ಕೆಲಸ ಅಗ್ಗ, ಮಾಡುವ ಮನುಷ್ಯ ಸ್ವಲ್ಪ ಹುಚ್ಚ, ಆದ್ದರಿಂದ ಚೆನ್ನಾಗಿ ಮಾಡುತ್ತಾನೆ ಎಂದು ಹೇಳಿದ್ದನಂತೆ. ಆ ವಿಜ್ಞಾನಿಗಳು ವರ್ಷವಿಡೀ ಹೆಪ್ಪುಗಟ್ಟಿರುವ ನೆಲದಲ್ಲಿ ಒಂದು ಬೋರು ಕೊರೆದು, ಅದರೊಳಗೆ ಉದ್ದದ ಕೇಬಲ್ ಇಳಿಬಿಟ್ಟಿದ್ದರು. ಕೇಬಲ್ಲಿನ ಮೇಲೆ ಅಲ್ಲಲ್ಲಿ ಮೆಣಸಿನಕಾಳಿನಷ್ಟು ದೊಡ್ಡ ಸೆನ್ಸರುಗಳು. ಬೋರಿನ ಪಕ್ಕದಲ್ಲಿ ಗಾಳಿಯ ಉಷ್ಣತೆ ಅಳೆಯಲು ಒಂದು ಕಂಬ. ಗಂಟೆಗೊಮ್ಮೆ ಗಾಳಿ ಎಷ್ಟು, ನೆಲ ಎಷ್ಟು ಎಂದು ಅದು ತಾನಾಗಿ ಬರೆದಿಟ್ಟುಕೊಳ್ಳುತ್ತದೆ. ಹೀಗೆ ವರ್ಷಗಟ್ಟಲೆ. ಯಾಕೆ ಎಂದು ಕೇಳಿದೆ.

"ನೆಲ ಕರಗಾಕತ್ತೈತೋ ಇಲ್ಲೋ ಗೊತ್ತಾಗಬೇಕಲ್ರಿ."

"ಒಂದು ಸಲ ಹೋಗಿ ನೋಡಿದ್ರೆ ಗೊತ್ತಾಗುದಿಲ್ವಾ?"

"ಒಂದು ಸಲ ನೋಡಿದ್ರ ಇವತ್ತು ಎಷ್ಟೈತಿ ಅಷ್ಟ ಗೊತ್ತಾಗತೈತಿ. ಮಗು ಬೆಳಿಯಾಕತ್ತೈತೋ ಇಲ್ಲೋ ಅಂತ ನೋಡಬೇಕಂದ್ರ ಅದ ಗೋಡಿಗೆ, ಅದ ಅಳತಿಪಟ್ಟಿ ಹಿಡದು, ವರ್ಷಾ ಗೆರಿ ಎಳೀಬೇಕು. ನಡುವ ಅಳತಿಪಟ್ಟಿ ಬದಲಾತಂದ್ರ ಮುಗೀತು."

ಆ ಅಳತೆಪಟ್ಟಿ ಬದಲಾಗದಂತೆ ನೋಡಿಕೊಳ್ಳುವುದೇ ಸಾಹೇಬರ ಜವಾಬ್ದಾರಿ. ಹೊಸ ಸೆನ್ಸರುಗಳ ಸುರುಳಿ ಮೊದಲು ಘಾಲಾಕ್ಕೆ ಬಂದು, ಸಾಹೇಬರ ಕೈಯಲ್ಲಿ ಸೊನ್ನೆ ಕಲಿತು, ಅಲ್ಲಿಂದ ಧ್ರುವಕ್ಕೆ ಹೋಗುತ್ತಿತ್ತು.

ಒಮ್ಮೆ ಅವರ ಕಾರು ಕೆಟ್ಟಾಗ ಕರೆತರಲು ನಾನು ಲ್ಯಾಬಿಗೆ ಹೋಗಿದ್ದೆ. ಬಾಗಿಲಲ್ಲೇ ಚಪ್ಪಲಿ ಬಿಡಿಸಿದರು. ಅವರು ಫ್ಲಾಸ್ಕಿನ ಮುಂದೆ ತೋಳು ಮಡಚಿ, ಉಸಿರನ್ನೂ ಪಕ್ಕಕ್ಕೆ ತಿರುಗಿ ಬಿಡುತ್ತ ನಿಂತಿದ್ದರು. ನಾನು ಸತ್ಯನಾರಾಯಣ ಪೂಜೆಗೆ ತಡವಾಗಿ ಬಂದವನಂತೆ ಹಿಂದೆ ಕೈಕಟ್ಟಿ ನಿಂತೆ. ಸ್ವಲ್ಪ ಹೊತ್ತಿನ ಮೇಲೆ ತಿರುಗದೆಯೇ ಹೇಳಿದರು:

"ಶೆಟ್ರ, ಒಂದೀಟು ಹಿಂದ ಸರೀರಿ. ನಿಮ್ಮ ಮೈ ಬಿಸಿ ಬಡ್ಯಾಕತ್ತೈತಿ."

ಸರಿದೆ. "ಇನ್ನೊಂದೀಟು." ಮತ್ತೆ ಸರಿದೆ. ನಾನು ಪೂರ್ತಿ ಕಾರಿಡಾರಿಗೆ ಹೋದ ಮೇಲೆ ಅಂಕಿ ಸ್ಥಿರವಾಯಿತು. ನಾನು ದಪ್ಪ ಎಂದು ನನಗೆ ಗೊತ್ತಿತ್ತು. ಉಪಕರಣಗಳಿಗೂ ಗೊತ್ತಾಗುವಷ್ಟು ಎಂದು ತಿಳಿದದ್ದು ಅಂದು.

ಬೇಸಿಗೆಯಲ್ಲಿ ಅವರೊಂದಿಗೆ ಮಾತಾಡುವುದು ಕಷ್ಟವಿತ್ತು. ಮಸ್ಕತ್ತಿನಲ್ಲಿ ಜೂನ್ ಬಂತೆಂದರೆ ಇಬ್ಬರು ಸೇರಿದಲ್ಲಿ ಆಡುವ ಮೊದಲ ಮಾತು ಸೆಕೆಯದು. "ಸಾಹೇಬ್ರೆ, ಇವತ್ತು ಕಾರಲ್ಲಿ ಐವತ್ತೊಂದು ತೋರಿಸ್ತಾ ಉಂಟು" ಎಂದರೆ ಅವರು ಗಂಭೀರವಾಗಿ, "ಅದು ಕಾರಿನ ಅಭಿಪ್ರಾಯ ಐತ್ರಿ" ಎನ್ನುತ್ತಿದ್ದರು. ಗಾಳಿಯ ಉಷ್ಣತೆ ಎಂದರೆ ನೆರಳಿನಲ್ಲಿ, ನೆಲದಿಂದ ಎತ್ತರದಲ್ಲಿ, ಬಿಳಿ ಡಬ್ಬಿಯೊಳಗೆ, ಗಾಳಿಯಾಡುವಂತೆ ಅಳೆದದ್ದು ಮಾತ್ರ, ಮಿಕ್ಕಿದ್ದೆಲ್ಲ ಹೇಳಿಕೆ. ಹೀಗಾಗಿ ಸಾಹೇಬರ ಎದುರಿಗೆ ಯಾರೂ ಖಚಿತವಾಗಿ ಬೆವರುವಂತಿರಲಿಲ್ಲ.

ನನಗೆ ಒಮ್ಮೆ ಜ್ವರ ಬಂದಾಗ ನೋಡಲು ಬಂದರು. ಹಣ್ಣು ತರುವ ಬದಲು ಮೂರು ಥರ್ಮಾಮೀಟರ್ ತಂದಿದ್ದರು. ಮೂರೂ ಬೇರೆ ಬೇರೆ ಅಂಕಿ ತೋರಿಸಿದವು. ಸಾಹೇಬರು ಕುರ್ಚಿ ಎಳೆದು ದೀಪದ ಬಳಿ ಕೂತು ಅವನ್ನು ಒಂದರ ಪಕ್ಕ ಒಂದಿಟ್ಟು ನೋಡತೊಡಗಿದರು. ಅರ್ಧ ಗಂಟೆಯಾಯಿತು. ಕೊನೆಗೆ ಅವರ ಹೆಂಡತಿ, "ಜ್ವರ ಯಾರಿಗೆ ಬಂದೈತ್ರಿ, ಶೆಟ್ರಿಗೋ ನಿಮ್ಮ ಕಡ್ಡಿಗೋ?" ಎಂದು ಕೇಳಿದಾಗ ನನ್ನ ಕಡೆ ನೋಡಿದರು. ಅಷ್ಟರಲ್ಲಿ ನನಗೆ ಬೆವರು ಬಿಟ್ಟು ಜ್ವರ ಇಳಿದಿತ್ತು.

ಅವರ ಹಾಲಿನ ಗೋಡೆಯ ಮೇಲೆ ಟಿವಿಗಿಂತ ದೊಡ್ಡದಾದ ಒಂದು ಫೋಟೋ ಇತ್ತು. ಬೂದುಬಣ್ಣದ ಕಲ್ಲುನೆಲ, ಅದರ ನಡುವೆ ಮೊಳದೆತ್ತರದ ಒಂದು ಪೈಪು, ಪಕ್ಕದಲ್ಲಿ ಮೂರು ಕಾಲಿನ ಕಂಬ, ಕಂಬದ ಮೇಲೆ ಬಿಳಿ ಡಬ್ಬಿ. ಹಿಮದ ಚೂರೂ ಇರಲಿಲ್ಲ, ಬೇಸಿಗೆಯಲ್ಲಿ ತೆಗೆದದ್ದಂತೆ. ಉತ್ತರದ ಮೇಡಂ ಒಬ್ಬರು, ಆ ಬೋರಿನ ಕೆಲಸದ ಮುಖ್ಯಸ್ಥೆ, ಗೌರವದಿಂದ ಕಳಿಸಿದ್ದು. ಬಾಗಲಕೋಟೆ, ವಿಜಯಪುರ ಕಡೆಯಿಂದ ಹೊಸದಾಗಿ ಬಂದ ನೆಂಟರು ಅದನ್ನು ನೋಡಿ ಕೇಳುವುದಿತ್ತು:

"ಊರಾಗ ಬೋರು ಹೊಡಸೀರೇನ್ರಿ? ನೀರು ಬಿತ್ತೇನು?"

"ಇಲ್ರಿ. ನೀರು ಬಿದ್ರ ಕೆಟ್ಟ ಸುದ್ದಿ."

ಬಂದವರು ಸಾಂತ್ವನದ ಮುಖ ಮಾಡಿ ಚಹಾ ಕುಡಿದು ಹೋಗುತ್ತಿದ್ದರು.

ಇಷ್ಟೆಲ್ಲ ಮಂಜುಗಡ್ಡೆಯೊಡನೆ ಬಾಳಿದ ಮನುಷ್ಯ ಅದರ ಒಂದು ಚೂರನ್ನೂ ಬಾಯಿಗೆ ಹಾಕಿದವರಲ್ಲ. ಚಿಕ್ಕಂದಿನಿಂದ ಗಂಟಲಿನ ತೊಂದರೆ; ತಣ್ಣಗಿನದು ತಾಗಿದರೆ ಒಂದು ವಾರ ಕೆಮ್ಮು. ಹೊರಗೆ ಒಂಟೆಯೂ ನೆರಳು ಹುಡುಕುವ ದಿನ ಸಾಹೇಬರು ಸ್ಟೀಲ್ ಲೋಟದಲ್ಲಿ ಜೀರಿಗೆ ಹಾಕಿದ ಬಿಸಿನೀರು ಊದಿ ಊದಿ ಕುಡಿಯುತ್ತಿದ್ದರು.

ಮೇಡಂ ವರ್ಷಕ್ಕೊಮ್ಮೆ ಹಿಂದಿನ ವರ್ಷದ ಗಾಳಿ, ನೆಲಗಳ ಏರಿಳಿತದ ಚಿತ್ರವನ್ನು ಕಳಿಸುತ್ತಿದ್ದರು. ಸಾಹೇಬರು ಅದನ್ನು ಊರಿನ ಸುದ್ದಿ ಓದಿದಂತೆ ಓದಿ, ಶುಕ್ರವಾರದ ಊಟಕ್ಕೆ ಸೇರಿದವರಿಗೆ ಹೇಳುತ್ತಿದ್ದರು. ಈ ಸಲ ಚಳಿಗಾಲ ಲೇಟಾಗಿ ಬಂತು. ಮೇಲಿನ ಪದರ ಲಗೂ ಸಡಿಲಾತು. ತಳಕ್ಕೇನೂ ಆಗಿಲ್ಲ, ಗಟ್ಟಿ ಐತಿ. ನಾವು ಪಾಯಸ ತಿನ್ನುತ್ತ, ತಳ ಗಟ್ಟಿ ಇದೆಯೆಂದು ಸಮಾಧಾನಪಡುತ್ತಿದ್ದೆವು.

ಅವರು ಊರಿಗೆ ಹೋಗುವ ಹಿಂದಿನ ವರ್ಷ ಬಂದ ಚಿತ್ರದಲ್ಲಿ ತಳದ ಉಷ್ಣತೆಯೂ ಮೇಲಕ್ಕೆ ಜಿಗಿದಿತ್ತು. ಅದಕ್ಕೆ ಮೊದಲು ಹಳೆಯ ಕೇಬಲ್ ಕೆಟ್ಟು ಕೆಲವು ತಿಂಗಳು ಅಳತೆಯೇ ನಿಂತಿತ್ತು. ಸಾಹೇಬರು ಸೊನ್ನೆ ಕಲಿಸಿ ಕಳಿಸಿದ ಹೊಸ ಕೇಬಲ್ ಇಳಿಸಿದ ಮೇಲೆ ನೋಡಿದರೆ ಎಲ್ಲ ಆಳದಲ್ಲೂ ನೆಲ ಮೊದಲಿಗಿಂತ ಬಿಸಿ. ಆ ಪ್ರದೇಶದ ಬೇರೆ ಬೋರುಗಳಲ್ಲೂ ನೆಲ ಬಿಸಿಯಾಗುತ್ತಲೇ ಇದ್ದುದರಿಂದ ಯಾರಿಗೂ ಅನುಮಾನ ಬರಲಿಲ್ಲ. ಸಾಹೇಬರಿಗಂತೂ ಹತ್ತಿರದವರು ಯಾರೋ ಹಾಸಿಗೆ ಹಿಡಿದಂತಾಯಿತು. ಊಟ ಕಡಿಮೆ ಮಾಡಿದರು. ಎರಡು ಎ.ಸಿ.ಯಲ್ಲಿ ಒಂದನ್ನು ಆರಿಸಿದರು. ಆ ದಿನಗಳಲ್ಲಿ ನಾನು ದೊಡ್ಡ ಫೋರ್‌ವ್ಹೀಲ್ ಗಾಡಿ ಕೊಳ್ಳಲು ಹೊರಟಿದ್ದೆ. ಸಾಹೇಬರು ಶೋರೂಮಿನ ಕಾಗದವನ್ನು ನೋಡಿ, ಗೋಡೆಯ ಫೋಟೋವನ್ನು ನೋಡಿದರು. ನಾನು ಸಣ್ಣ ಕಾರು ಕೊಂಡೆ. ಈಗಲೂ ಅದರೊಳಗೆ ಮಡಚಿಕೊಂಡು ಕೂರುತ್ತೇನೆ.

ಮಸ್ಕತ್ತಿನಲ್ಲಿ ಶ್ರೀರಾಮ ರಜೆಯ ದಿನವೇ ಹುಟ್ಟುತ್ತಾನೆ. ರಾಮನವಮಿ ಯಾವ ವಾರ ಬಂದರೂ ಅದನ್ನು ಹತ್ತಿರದ ಶುಕ್ರವಾರಕ್ಕೆ ಎಳೆದು, ಅಲ್ ಹೈಲಿನಲ್ಲಿರುವ ಸದಸ್ಯರೊಬ್ಬರ ವಿಲ್ಲಾದಲ್ಲಿ ಆಚರಿಸುವುದು ನಮ್ಮ ಪದ್ಧತಿ. ಕೋಸಂಬರಿ ಹೆಂಗಸರದು, ಭಜನೆ ತಿಳಿದವರದು, ಪಾನಕಕ್ಕೆ ಐಸು ಸಾಹೇಬರದು. ವಾರದ ಕೊನೆಗೆ ಲ್ಯಾಬಿನ ಐಸ್ ಮೆಷಿನ್ನಿನಲ್ಲಿ ಉಳಿದದ್ದನ್ನು ಹೇಗೂ ಚೆಲ್ಲುತ್ತಾರೆಂದು, ಮ್ಯಾನೇಜರ ಅನುಮತಿ ಪಡೆದು ಎರಡು ಪಿಕ್‌ನಿಕ್ ಡಬ್ಬಿ ತುಂಬಿ ತರುತ್ತಿದ್ದರು. "ಇದಕ್ಕಿಂತ ಶುದ್ಧ ಬರ್ಫ ಒಮಾನ್‌ದಾಗ ಸಿಗೂದಿಲ್ಲ" ಎಂದು ಪ್ರತಿ ವರ್ಷ ಹೇಳುವರು.

ಅವರು ಊರಿಗೆ ಹೋದ ವರ್ಷ ಪಾನಕ ಕದಡುತ್ತಿದ್ದವಳು ನನ್ನ ಹೆಂಡತಿ. ಅವಳ ನಾಲಿಗೆಯ ಬಗ್ಗೆ ಒಂದು ಮಾತು ಹೇಳಬೇಕು. ಹಮ್ರಿಯಾದಿಂದ ಸೀಬಿನವರೆಗೆ ಯಾವ ಮನೆಯ ಸಾರಿಗೆ ಎಷ್ಟು ಉಪ್ಪು ಬಿದ್ದಿದೆ ಎಂದು ಅವಳು ಒಂದು ಚಮಚೆಯಲ್ಲಿ ಹೇಳಬಲ್ಲಳು, ಹೇಳಿಯೂ ಹೇಳುತ್ತಾಳೆ. ಅದರಿಂದಾಗಿ ನಮ್ಮನ್ನು ಊಟಕ್ಕೆ ಕರೆಯುವವರು ಕಡಿಮೆ. ಅವಳು ಸೆಕೆಗೆ ಒಂದು ಚೂರು ಐಸು ಬಾಯಿಗೆ ಹಾಕಿಕೊಂಡಳು. ಕದಡುವ ಕೈ ನಿಂತಿತು.

"ಎಂತ ಅಣ್ಣ, ನಿಮ್ಮ ಐಸು ಉಪ್ಪುಂಟಲ್ಲ?"

"ಏನಂದ್ರಿ ವೈನಿ?"

"ಉಪ್ಪು. ಜಾಸ್ತಿ ಇಲ್ಲ. ಆದ್ರೆ ಉಂಟು."

ಪಕ್ಕದವರು ಯಾರೋ, ಬೆವರಿರಬೇಕು ಅಂದರು. ಇನ್ನೊಬ್ಬರು ನೆಕ್ಕಿ ನೋಡಿ, ನಂಗೆ ಎಂತ ಗೊತ್ತಾಗುದಿಲ್ಲ ಎಂದರು. ಸಾಹೇಬರು ಡಬ್ಬಿಯಿಂದ ಒಂದು ಚೂರು ಎತ್ತಿದರು. ಅವರ ಹೆಂಡತಿ ದೂರದಿಂದಲೇ, "ಅಯ್ಯ, ಗಂಟಲಾ" ಎಂದರು. ಅವರು ಚೂರನ್ನು ಬಾಯಿಗೆ ಹಾಕಿ ಕಣ್ಣು ಮುಚ್ಚಿ ನಿಂತರು. ಅದು ಪೂರ್ತಿ ಕರಗುವವರೆಗೆ ನಿಂತರು.

"ಹೌದು" ಎಂದರು.

ಪಾನಕವನ್ನು ಎಲ್ಲರೂ ಕುಡಿದು ಚೆನ್ನಾಗಿದೆ ಎಂದರು. ಸಾಹೇಬರು ಕೋಸಂಬರಿಯನ್ನೂ ಮುಟ್ಟದೆ ನೇರವಾಗಿ ಲ್ಯಾಬಿಗೆ ಹೋದರು.

ಸಂಗತಿ ಇಷ್ಟು. ನೀರಿಗೆ ಉಪ್ಪು ಸೇರಿದರೆ ಅದು ಹೆಪ್ಪುಗಟ್ಟುವುದು ಸೊನ್ನೆಗಿಂತ ತುಸು ಕೆಳಗೆ. ಅದಕ್ಕೇ ಲ್ಯಾಬಿನ ಐಸ್ ಮೆಷಿನ್ನಿಗೆ ನೀರು ಒಂದು ಫಿಲ್ಟರಿನ ಮೂಲಕ ಬರಬೇಕು. ಎರಡು ಬೇಸಿಗೆಯ ಹಿಂದೆ, ಕೆಲಸ ರಾಶಿ ಬಿದ್ದ ವಾರದಲ್ಲಿ, ಫಿಲ್ಟರು ಕಟ್ಟಿಕೊಂಡು ನೀರು ಹನಿಹನಿಯಾಗಿ ಬರತೊಡಗಿತ್ತು. ಹೊಸದು ಬರುವವರೆಗೆ ಎರಡು ದಿನದ ಮಟ್ಟಿಗೆ ಎಂದು ಸಾಹೇಬರೇ ತಮ್ಮ ಕೈಯಾರೆ ಫಿಲ್ಟರು ಬಿಚ್ಚಿ ಪೈಪಿಗೆ ಪೈಪು ಜೋಡಿಸಿದ್ದರು. ಎರಡು ದಿನದ ಮಟ್ಟಿಗೆ ಮಾಡಿದ್ದು ಎಷ್ಟು ವರ್ಷ ಉಳಿಯುತ್ತದೆಂದು ಗಲ್ಫಿಗೆ ಎರಡು ವರ್ಷದ ಮಟ್ಟಿಗೆ ಬಂದ ನಮಗೆ ಯಾರೂ ಹೇಳಬೇಕಾಗಿಲ್ಲ. ಟ್ಯಾಂಕರಿನಲ್ಲಿ ಬರುತ್ತಿದ್ದುದು ಬಾವಿಯ ಸವುಳು ನೀರು.

ಆಗಲೇ ಒಂದು ಎಚ್ಚರಿಕೆ ಬಂದಿತ್ತು. ಲ್ಯಾಬಿನಲ್ಲಿ ಎಲ್ಲಕ್ಕೂ ಹಿರಿಯದಾದ, ವಿದೇಶದಿಂದ ತರಿಸಿದ ಒಂದು ಥರ್ಮಾಮೀಟರ್ ಇತ್ತು. ಅದನ್ನು ಫ್ಲಾಸ್ಕಿಗೆ ಇಳಿಸಿದಾಗ ಸೊನ್ನೆಗಿಂತ ಒಂದು ಕೂದಲೆಳೆ ಕೆಳಗೆ ತೋರಿಸಿತ್ತು. ಮಂಜುಗಡ್ಡೆ ಸುಳ್ಳು ಹೇಳುವುದಿಲ್ಲವಾದ್ದರಿಂದ ಸುಳ್ಳು ಹೇಳುತ್ತಿರುವುದು ಥರ್ಮಾಮೀಟರೇ ಎಂದು ಸಾಹೇಬರು ತೀರ್ಪು ಕೊಟ್ಟು, ವಯಸ್ಸಾಯಿತೆಂದು ಅದನ್ನು ಕಪಾಟಿನಲ್ಲಿಟ್ಟರು. ಆ ಬೇಸಿಗೆಯಲ್ಲೇ ಧ್ರುವದ ಕೇಬಲ್ ಅದೇ ಉಪ್ಪಿನ ಗಡ್ಡೆಯಲ್ಲಿ ಸೊನ್ನೆ ಕಲಿತು ಹೋಗಿತ್ತು.

ಶನಿವಾರ ಅವರು ಔಷಧಿ ಅಂಗಡಿಯಿಂದ ಶುದ್ಧ ನೀರಿನ ಬಾಟಲಿಗಳನ್ನು ತಂದು ಮನೆಯ ಫ್ರೀಜರಿನಲ್ಲಿ ಗಡ್ಡೆ ಮಾಡಿ, ಕಪಾಟಿನ ಹಳಬನನ್ನು ತೆಗೆದು ಅದರಲ್ಲಿ ಇಳಿಸಿದರು. ಸರಿಯಾಗಿ ಸೊನ್ನೆ ತೋರಿಸಿತು. ಧ್ರುವಕ್ಕೆ ಹೋದ ಸೆನ್ಸರುಗಳ ಜೊತೆಗೇ ಕಲಿತು ಹೆಚ್ಚುವರಿಯಾಗಿ ಉಳಿದಿದ್ದ ಎರಡನ್ನು ಇಳಿಸಿದರು. ಎರಡೂ ಸೊನ್ನೆಗಿಂತ ಮೇಲೆ ತೋರಿಸಿದವು, ಎರಡೂ ಒಂದೇ ಪ್ರಮಾಣದಲ್ಲಿ. ಎಂದರೆ ಆ ನೆಲ ಜಿಗಿದಿರಲಿಲ್ಲ, ಅಥವಾ ಅಷ್ಟು ಜಿಗಿದಿರಲಿಲ್ಲ. ಸಾಹೇಬರು ಒಂದು ಚಳಿಗಾಲವಿಡೀ ದುಃಖಿಸಿದ್ದು ತಮ್ಮದೇ ಉಪ್ಪಿಗಾಗಿ.

ಭಾನುವಾರ ಮ್ಯಾನೇಜರಿಗೆ ಹೇಳಿದರು. ಮ್ಯಾನೇಜರು ಒಳ್ಳೆಯವರು. ಸಾಹೇಬರಿಗೆ ಆ ಆಗಸ್ಟಿನಲ್ಲಿ ಅರವತ್ತು ತುಂಬುವುದಿತ್ತು. ಆ ಮೇಲೂ ಅವರನ್ನು ಇಟ್ಟುಕೊಳ್ಳಬೇಕಾದರೆ ಕಂಪನಿ ವಿಶೇಷವಾಗಿ ಕೇಳಿಕೊಳ್ಳಬೇಕು; ಆ ಕಾಗದ ಮ್ಯಾನೇಜರ ಮೇಜಿನ ಮೇಲಿತ್ತು, ಅವರೇ ಸಿದ್ಧಪಡಿಸಿದ್ದು. ಸಾಹೇಬರ ಒಬ್ಬಳೇ ಮಗಳು ಆ ಏಪ್ರಿಲಿನಲ್ಲಷ್ಟೇ ಇಲ್ಲಿನ ಶಾಲೆಯಲ್ಲಿ ಹನ್ನೆರಡನೆಯ ತರಗತಿಗೆ ಕಾಲಿಟ್ಟಿದ್ದಳು. ಇನ್ನೊಂದು ವರ್ಷ ವೀಸಾ ಸಿಕ್ಕಿದರೆ ಅವಳ ಪರೀಕ್ಷೆ ಮುಗಿಯುತ್ತದೆ, ಆಮೇಲೆ ಊರು. ಇಡೀ ಲೆಕ್ಕ ಅದರ ಮೇಲೆ ನಿಂತಿತ್ತು.

ಮ್ಯಾನೇಜರು ಬಾಗಿಲು ಮುಚ್ಚಿ ಹಿಂದಿಯಲ್ಲಿ ಹೇಳಿದರಂತೆ: ಈ ಕಾಗದ ಮುಂದಿನ ತಿಂಗಳು ಮೇಲೆ ಹೋಗುತ್ತದೆ. ಅದು ಮಂಜೂರಾದ ಮೇಲೆ ನೀವು ಏನು ಬೇಕಾದರೂ ಹೇಳಿ. ಫಿಲ್ಟರು ಇವತ್ತೇ ಹಾಕಿಸೋಣ. ಕೋಳಿಯವರು, ಮೀನಿನವರು ಇಷ್ಟು ಸಣ್ಣ ವ್ಯತ್ಯಾಸ ಕೇಳುವುದೇ ಇಲ್ಲ. ಆ ಜಮೀನೇನು ಬಂದು ದೂರು ಕೊಡುತ್ತದೆಯೇ? ಖಲಾಸ್.

ತೊಡಕೆಂದರೆ, ಆ ಬುಧವಾರವೇ ಮೇಡಂ ಒಂದು ದೊಡ್ಡ ಸಭೆಯಲ್ಲಿ ಆ ಜಿಗಿತದ ಬಗ್ಗೆ ಮಾತಾಡುವವರಿದ್ದರು.

ಅಂದು ಸಂಜೆ ನಾನೂ ನನ್ನ ಹೆಂಡತಿಯೂ ಮೂರನೇ ಮಹಡಿಗೆ ಹೋದೆವು. ಸಾಹೇಬರ ಹೆಂಡತಿ ರೊಟ್ಟಿ ಬಡಿಯುತ್ತಿದ್ದರು, ಎಂದಿಗಿಂತ ಜೋರಾಗಿ.

"ನೋಡಕ್ಕಾ" ಎಂದರು ನನ್ನ ಹೆಂಡತಿಗೆ, "ಆ ನೆಲಕ್ಕ ಉಪ್ಪು ಹತ್ತಿದ್ರ ನಮಗೇನು? ಒಂದು ವರ್ಷ ಬಾಯಿ ಮುಚ್ಚಿಕೊಂಡಿರ್ರಿ ಅಂದ್ರ ಇವರಿಗೆ ಆಗೂದಿಲ್ಲ. ಮನ್ಯಾಗ ಮಾತ್ರ ವರ್ಷಗಟ್ಟಲೆ ಬಾಯಿ ತೆರೆಯಂಗಿಲ್ಲ."

ಸಾಹೇಬರು ಬಾಯಿ ತೆರೆಯಲಿಲ್ಲ.

"ಎಷ್ಟು ವ್ಯತ್ಯಾಸ ಸಾಹೇಬ್ರೆ?" ಎಂದೆ.

ಅವರು ಬೆರಳುಗಳನ್ನು ಕೂ‌ದಲೆಳೆಯಷ್ಟು ಅಂತರದಲ್ಲಿ ಹಿಡಿದರು.

"ಅಷ್ಟೇನಾ? ಅಷ್ಟಕ್ಕೆ ವೀಸಾ ಬಿಡುದಾ?"

ಅವರು ಇನ್ನೊಂದು ಕೈ ಎತ್ತಿ, ಅದರ ಬೆರಳುಗಳನ್ನು ಅದಕ್ಕಿಂತ ಸ್ವಲ್ಪವೇ ಹೆಚ್ಚಿನ ಅಂತರದಲ್ಲಿ ಹಿಡಿದರು. "ಅಲ್ಲಿ ನೆಲ ಸೊನ್ನಿಗಿಂತ ಇಷ್ಟ ಕೆಳಗ ಐತ್ರಿ. ಇಷ್ಟು ಹೋತಂದ್ರ ನೀರು. ಇಷ್ಟರಾಗ ಇದು ನನ್ನ ಉಪ್ಪು." ಎರಡು ಕೈಗಳನ್ನೂ ಪಕ್ಕಪಕ್ಕ ಹಿಡಿದು ತೋರಿಸಿದರು. "ಬುಧವಾರ ಆಕಿ ಹೇಳಿದ ಮ್ಯಾಲೆ ಅದು ಅಚ್ಚಾಗತೈತಿ. ಅಚ್ಚಾದ ಮ್ಯಾಲೆ ಆ ನೆಲ ನಾ ಹೇಳಿದಷ್ಟು ಬಿಸಿ. ಮುಂದ ಬರೂ ಎಲ್ಲಾ ಗೆರಿ ಅಲ್ಲಿಂದನ."

ಮಗಳು ಪುಸ್ತಕದಿಂದ ತಲೆ ಎತ್ತಿದಳು. "ಪಪ್ಪಾ, ದೆನ್ ಟೆಲ್ ಹರ್. ಐ ಕೆನ್ ಡೂ ಟ್ವೆಲ್ತ್ ಎನಿವೇರ್."

"ನೀ ಸುಮ್ನಿರು. ನಿನ್ನ ಯಾರೂ ಕೇಳಿಲ್ಲ" ಎಂದರು ತಾಯಿ.

"ಎಕ್ಸಾಕ್ಟ್‌ಲಿ" ಎಂದು ಅವಳು ಮತ್ತೆ ಪುಸ್ತಕಕ್ಕೆ ತಲೆ ತಗ್ಗಿಸಿದಳು.

ಸಾಹೇಬರ ಹೆಂಡತಿ ಆ ರೊಟ್ಟಿಯನ್ನು ಹಂಚಿಗೆ ಹಾಕಿ, ಬೆಂದ ಮೇಲೆ ತೆಗೆದು, ಗಂಡನ ತಾಟಿಗೆ ಹಾಕಿದರು. "ಹೇಳೂದಿದ್ರ ನಾಳೆನ ಹೇಳಿಬಿಡ್ರಿ. ಬುಧವಾರ ತನ ನಿಮ್ಮ ಈ ಮುಖ ನೋಡಾಕ ನನ್ನಿಂದ ಆಗೂದಿಲ್ಲ" ಎಂದರು.

ಸೋಮವಾರ ಸಂಜೆ ಸಾಹೇಬರು ಮೇಡಂಗೆ ನಮ್ಮ ಮನೆಯ ಲ್ಯಾಪ್‌ಟಾಪಿನಿಂದ ಫೋನ್ ಮಾಡಿದರು. ಕಂಪನಿಯ ಲೈನಿನಲ್ಲಿ ಕಂಪನಿಗೆ ಗೊತ್ತಿಲ್ಲದ ಮಾತಾಡುವುದು ಸರಿಯಲ್ಲವೆಂದು ಅವರ ಅಭಿಪ್ರಾಯ. ಇಸ್ತ್ರಿ ಅಂಗಿ ಹಾಕಿ, ವಿಭೂತಿ ಹಚ್ಚಿ ಬಂದಿದ್ದರು. ತೆರೆಯ ಮೇಲೆ ಸ್ವೆಟರ್ ಹಾಕಿಕೊಂಡ, ಕೂದಲು ಬೆಳ್ಳಗಾದ ಮೇಡಂ ಕಾಣಿಸಿದರು.

"ಮೇಡಂ" ಎಂದರು ಸಾಹೇಬರು, "ಐ ಹ್ಯಾವ್ ವನ್ ಬ್ಯಾಡ್ ನ್ಯೂಸ್. ಫಾರ್ ದ ಗ್ರೌಂಡ್ ಇಟ್ ಈಸ್ ಗುಡ್ ನ್ಯೂಸ್."

ಆಮೇಲೆ ಎಲ್ಲ ಹೇಳಿದರು. ಫಿಲ್ಟರು, ಪೈಪು, ಕಪಾಟಿಗೆ ಹೋದ ಥರ್ಮಾಮೀಟರು. ಯಾವುದನ್ನೂ ಬಿಡಲಿಲ್ಲ, ಯಾರ ಮೇಲೂ ಹಾಕಲಿಲ್ಲ. ಮೇಡಂ, ಉಪ್ಪು ಇದೆಯೆಂದು ಗೊತ್ತಾದದ್ದು ಹೇಗೆ ಎಂದು ಕೇಳಿದರು.

"ವನ್ ಲೇಡಿ ಟೇಸ್ಟೆಡ್."

ಆ ಲೇಡಿಯೊಡನೆ ಮಾತಾಡಬಹುದೇ ಎಂದು ಮೇಡಂ ಕೇಳಿದರು. ನನ್ನ ಹೆಂಡತಿ ಅಡುಗೆಮನೆಯಿಂದ ಸೌಟು ಹಿಡಿದೇ ಬಂದಳು. ಎಷ್ಟು ಉಪ್ಪಿತ್ತು ಎಂದು ಮೇಡಂ ಕೇಳಿದ್ದನ್ನು ಸಾಹೇಬರು ಕನ್ನಡದಲ್ಲಿ ಹೇಳಿದರು. ಅವಳು ಸ್ವಲ್ಪ ಯೋಚಿಸಿದಳು.

"ಸಾರಿಗೆ ಆದ್ರೆ ಸಾಲುದಿಲ್ಲ. ಐಸಿಗೆ ಜಾಸ್ತಿ."

ಸಾಹೇಬರು ಅದನ್ನು ಇಂಗ್ಲಿಷಿಗೆ ತಿರುಗಿಸಿದರು. ಮೇಡಂ ನಗಲಿಲ್ಲ, ತಲೆ ತಗ್ಗಿಸಿ ಬರೆದುಕೊಂಡರು. ಬರೆದದ್ದನ್ನು ಇನ್ನೊಮ್ಮೆ ಓದಿದರು. ಕೊನೆಗೆ, ಬುಧವಾರದ ಭಾಷಣವನ್ನು ವಾಪಸು ತೆಗೆದುಕೊಳ್ಳುತ್ತೇನೆ, ಉಳಿದಿರುವ ಎರಡು ಸೆನ್ಸರುಗಳನ್ನು ನನಗೆ ಕಳಿಸಿ, ಬೇರೆ ಕಡೆ ಪರೀಕ್ಷೆ ಮಾಡಿಸುತ್ತೇನೆ ಎಂದರು. ನಿಯಮದ ಪ್ರಕಾರ ನಿಮ್ಮ ಕಂಪನಿಗೂ ಬರೆಯಬೇಕಾಗುತ್ತದೆ, ನಿಮಗೆ ತೊಂದರೆಯಾಗುತ್ತದೆಯೇ ಎಂದು ಕೇಳಿದರು.

"ಪ್ಲೀಸ್ ರೈಟ್" ಎಂದರು ಸಾಹೇಬರು. ಆಮೇಲೆ, ಈ ಸಲ ಅಲ್ಲಿ ಚಳಿಗಾಲ ಹೇಗಿತ್ತು ಎಂದು ವಿಚಾರಿಸಿದರು. ಇಬ್ಬರೂ ಕಾಲು ಗಂಟೆ ಗಾಳಿಯ ಬಗ್ಗೆ ಮಾತಾಡಿದರು.

ಕಂಪನಿ ಆ ಎರಡು ವರ್ಷದಲ್ಲಿ ಥರ್ಮಾಮೀಟರುಗಳ ಜೊತೆ ಕೊಟ್ಟಿದ್ದ ಪ್ರಮಾಣಪತ್ರಗಳನ್ನೆಲ್ಲ ಹಿಂದಕ್ಕೆ ತರಿಸಿಕೊಂಡಿತು. ಕೋಳಿಯವರು, ಮೀನಿನವರು ಬೇಸರಪಡಲಿಲ್ಲ; ಬಹುಪಾಲು ಜನರಿಗೆ ಅಂಥ ಪತ್ರವೊಂದಿದೆ ಎಂಬುದೇ ಗೊತ್ತಿರಲಿಲ್ಲ. ತೈಲದವರು ಒಂದು ಸಭೆ ಕರೆದರು. ತಪಾಸಣೆಗೆ ಬಂದವರು ಫಿಲ್ಟರಿನ ಫೋಟೋವನ್ನು ಎಲ್ಲ ದಿಕ್ಕಿನಿಂದಲೂ ತೆಗೆದುಕೊಂಡರು. ಮ್ಯಾನೇಜರು ಒಂದು ಸಂಜೆ ಹಲ್ವದ ಡಬ್ಬಿ ಹಿಡಿದು ಮೂರನೇ ಮಹಡಿಗೆ ಬಂದರು. ಸಾಹೇಬರ ಮನೆಯಲ್ಲಿ ರೊಟ್ಟಿ, ಎಣ್ಣೆಗಾಯಿ ತಿಂದರು. ಮೇಜಿನ ಮೇಲಿದ್ದ ಕಾಗದದ ಮಾತನ್ನು ಅವರೂ ಎತ್ತಲಿಲ್ಲ, ಸಾಹೇಬರೂ ಕೇಳಲಿಲ್ಲ. ಹೋಗುವಾಗ ಗೋಡೆಯ ಫೋಟೋ ನೋಡಿ, "ಯಹೀ ಹೈ ಕ್ಯಾ?" ಎಂದರು. "ಯಹೀ ಹೈ" ಎಂದರು ಸಾಹೇಬರು. ಮ್ಯಾನೇಜರು ಅದನ್ನು ಸ್ವಲ್ಪ ಹೊತ್ತು ನೋಡಿ ಚಪ್ಪಲಿ ಹಾಕಿಕೊಂಡರು.

ಸಾಹೇಬರ ವೀಸಾ ಮುಂದುವರಿಯಲಿಲ್ಲ. ಆಗಸ್ಟಿನಲ್ಲಿ ಮೂವರೂ ಊರಿಗೆ ಹೋದರು. ಮಗಳು ಹುಬ್ಬಳ್ಳಿಯ ಶಾಲೆಯೊಂದಕ್ಕೆ ಸೇರಿ, ವರ್ಷದ ನಡುವೆ ಬದಲಾದ ಪ್ರಯೋಗಾಲಯದ ಪಾಠಗಳನ್ನು ಹೊಸದಾಗಿ ಮಾಡಿ, ಪರೀಕ್ಷೆ ಬರೆದು ಪಾಸಾದಳು. ಅವಳು ಬಯಸಿದ ಕಾಲೇಜಿಗೆ ಆ ಅಂಕ ಸಾಲಲಿಲ್ಲ, ಬೇರೆ ಕಾಲೇಜಿಗೆ ಹೋಗುತ್ತಿದ್ದಾಳೆ. ಆ ಎರಡು ಸೆನ್ಸರುಗಳನ್ನು ಬೇರೆ ಕಡೆ ಪರೀಕ್ಷಿಸಿದಾಗ ವ್ಯತ್ಯಾಸ ಸಾಹೇಬರು ಹೇಳಿದಷ್ಟೇ ಬಂತು. ಹೊಸ ಕೇಬಲ್ಲಿನ ಎಲ್ಲ ಅಳತೆಗಳಿಂದಲೂ ಅದನ್ನು ಕಳೆದಿದ್ದಾರೆ. ಕಳೆದ ಮೇಲೂ ಆ ನೆಲ ವರ್ಷದಿಂದ ವರ್ಷಕ್ಕೆ ಬಿಸಿಯಾಗುತ್ತಿದೆ, ಮೊದಲು ತಿಳಿದದ್ದಕ್ಕಿಂತ ಸ್ವಲ್ಪ ನಿಧಾನವಾಗಿ.